ಹಲಸಿನ ಮರದಡಿಯ ಒನ್ ಟನ್

ಕಳೆದ ವರ್ಷ ಒಂದು ಸಂದರ್ಶನದಲ್ಲಿ ನನ್ನ ರೆಸ್ಯೂಮೆಯ ಕೊನೆಯ ಸಾಲು ಓದಿ ಎದುರಿಗೆ ಕೂತಿದ್ದ ಮೂವರೂ ನಕ್ಕರು. ‘ಹವ್ಯಾಸ: ಹಳೆಯ ಮಿಲಿಟರಿ ಟ್ರಕ್ಕುಗಳ ದುರಸ್ತಿ’ ಎಂದು ಬರೆದಿದ್ದೆ. ಆ ಬಹುವಚನ ಸ್ವಲ್ಪ ಜಂಬದ್ದು, ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ನಾನು ಕೈ ಹಾಕಿದ್ದು ಒಂದು ಟ್ರಕ್ಕು, ಅರ್ಧ ಜೀಪು. ‘ಇದರಿಂದ ನಮ್ಮ ಕಂಪನಿಗೆ ಏನು ಉಪಯೋಗ?’ ಎಂದು ಒಬ್ಬರು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಕೆಲಸ ಸಿಗಲಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ಶಿರಾಡಿ ಘಾಟಿಯ ದಿಕ್ಕಿಗೆ ಹೊರಟ ಲಾರಿಗಳ ಸಾಲು ನೋಡುತ್ತಾ, ಅವರಿಗೆ ಏನು ಹೇಳಬಹುದಿತ್ತು ಎಂದು ಯೋಚಿಸುತ್ತಿದ್ದೆ. ಆಗ ಹೇಳಲಾಗದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದು 2022ರಲ್ಲಿ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಓಡುವ ಎಂಜಿನ್ನೊಂದನ್ನು ಬಿಚ್ಚಲಿಲ್ಲ ಎಂದರೆ ಬೇರೆ ವಿಭಾಗದವರು ನಂಬುವುದಿಲ್ಲ. ನಮ್ಮ ವಿಭಾಗದವರು ಆಶ್ಚರ್ಯಪಡುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಅರ್ಧಕ್ಕೆ ಕೊಯ್ದು ಕೆಂಪು, ಹಳದಿ, ನೀಲಿ ಬಣ್ಣ ಬಳಿದ ಎಂಜಿನ್ ಒಂದು ಸ್ಟ್ಯಾಂಡಿನ ಮೇಲೆ ಕೂತಿತ್ತು. ‘ಮುಟ್ಟಬೇಡಿ’ ಎಂಬ ಬೋರ್ಡು ಅದರ ಕೊರಳಲ್ಲಿತ್ತು. ಪರೀಕ್ಷೆಗೆ ಅದರ ಚಿತ್ರ ಬರೆದು ಹತ್ತಕ್ಕೆ ಎಂಟು ಅಂಕ ಪಡೆದೆ. ಆಮೇಲೆ ಎಲ್ಲರಂತೆ ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿ ಎಂಟು ತಿಂಗಳು ಇದ್ದು, ಸಾಫ್ಟ್‌ವೇರ್ ಕೋರ್ಸ್ ಒಂದಕ್ಕೆ ಅಪ್ಪನ ಕೈಯಿಂದ ದುಡ್ಡು ಕಟ್ಟಿಸಿ, ಕೊನೆಗೆ ಸಕಲೇಶಪುರದ ಹತ್ತಿರದ ನಮ್ಮ ಹಳ್ಳಿಗೆ ವಾಪಸಾದೆ.

ನಮ್ಮ ದೊಡ್ಡಪ್ಪ ಸೇನೆಯ ಇಎಂಇ, ಅಂದರೆ ಗಾಡಿ, ಬಂದೂಕು, ಯಂತ್ರಗಳನ್ನು ರಿಪೇರಿ ಮಾಡುವ ವಿಭಾಗದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಹೆದ್ದಾರಿಯಿಂದ ಸ್ವಲ್ಪ ಒಳಗೆ ತಗಡಿನ ಶೆಡ್ ಹಾಕಿಕೊಂಡು ಎಸ್ಟೇಟಿನವರ ಜೀಪು, ಪಂಪ್‌ಸೆಟ್, ಪಲ್ಪರ್ ರಿಪೇರಿ ಮಾಡುತ್ತಾರೆ. ನಾನು ಊರಿಗೆ ಬಂದ ವಾರದಲ್ಲೇ ಕರೆದರು. ಪ್ರೀತಿಯಿಂದ ಕರೆದದ್ದಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು. ಕಾರ್ಬುರೇಟರಿನ ಜೆಟ್‌ನ ಸೂಜಿಮೊನೆಯಂಥ ತೂತು ಅವರಿಗೆ ಕಾಣುತ್ತಿರಲಿಲ್ಲ. ‘ನಿನ್ ಡಿಗ್ರಿ ಮನೇಲಿಟ್ಟು ಬಾ, ಕಣ್ಣು ಮಾತ್ರ ತಗೊಂಡು ಬಾ’ ಅಂದರು.

ಆ ಶೆಡ್ಡಿನ ಹಿಂದೆ ಒಂದು ಹಲಸಿನ ಮರ. ಅದರ ಅಡಿಯಲ್ಲಿ ಒಂದು ಟ್ರಕ್ಕು ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ನೆಲಕ್ಕೆ ಇಳಿದಿತ್ತು ಎನ್ನಬೇಕು. ಟೈರು ನಾಲ್ಕೂ ಮಣ್ಣಿನಲ್ಲಿ ಹೂತು, ಕ್ಯಾಬಿನ್ನಿನೊಳಗೆ ಬಳ್ಳಿ ಹಬ್ಬಿ, ಸೀಟಿನಡಿ ಮುಂಗುಸಿ ಸಂಸಾರ ಹೂಡಿತ್ತು. ಹತ್ತಿರದ ಎಸ್ಟೇಟಿನ ಹಿಂದಿನ ಯಜಮಾನರು ಮಿಲಿಟರಿ ಹರಾಜಿನಲ್ಲಿ ಕೊಂಡು, ಕಾಫಿ ಮೂಟೆ, ಸೌದೆ, ಗೊಬ್ಬರ ಹೊರಿಸಿ, ಪೆಟ್ರೋಲ್ ಕುಡಿತ ತಾಳಲಾರದೆ ನಿಲ್ಲಿಸಿದ ಗಾಡಿ. ಮಕ್ಕಳು ಗುಜರಿಗೆ ಹಾಕಲು ಹೊರಟಾಗ ದೊಡ್ಡಪ್ಪ ಗುಜರಿಯವನು ಹೇಳಿದ ಕೆ.ಜಿ. ಲೆಕ್ಕದ ಬೆಲೆಯನ್ನೇ ಕೊಟ್ಟು ಎಳೆಸಿಕೊಂಡು ಬಂದಿದ್ದರು. ದೊಡ್ಡಮ್ಮ ಆ ದಿನ ಅಡುಗೆ ಮಾಡಲಿಲ್ಲವಂತೆ.

ಗಾಡಿ ಯಾವುದು ಎಂದರೆ ನಿಸಾನ್ ಒನ್ ಟನ್. ಸೇನೆಯಲ್ಲಿದ್ದವರ ಮನೆಯಲ್ಲಿ ಈ ಹೆಸರು ಹೇಳಿ ನೋಡಿ, ಒಂದು ಕಥೆಯಾದರೂ ಹೊರಡುತ್ತದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಸೇನೆ ಬಹುತೇಕ ಎರಡನೇ ಮಹಾಯುದ್ಧ ಬಿಟ್ಟುಹೋದ ಗಾಡಿಗಳ ಮೇಲೇ ನಡೆಯುತ್ತಿತ್ತು. ಅವು ಮುದಿಯಾದಾಗ ಸರ್ಕಾರ ಹೊರಗಿನ ಕಂಪನಿಗಳ ಲೈಸೆನ್ಸ್ ಪಡೆದು ಜಬಲ್ಪುರದಲ್ಲಿ ಟ್ರಕ್ಕು ಕಟ್ಟಲು ಶುರು ಮಾಡಿತು. ಜರ್ಮನಿಯ ಮ್ಯಾನ್ ಕಂಪನಿಯ ವಿನ್ಯಾಸದ ಶಕ್ತಿಮಾನ್ 1959ರಲ್ಲಿ ಹೊರಬಂತು. ಆಮೇಲೆ ಜಪಾನಿನ ನಿಸಾನ್ ವಿನ್ಯಾಸದ ಎರಡು ಗಾಡಿಗಳು ಬಂದವು: ಒಂದು ಈ ಒನ್ ಟನ್, ಇನ್ನೊಂದು ಜೋಂಗಾ. ಜೋಂಗಾ ಯಾವುದೋ ಜಪಾನಿ ಪದ ಎಂದು ನಾನು ತಿಳಿದಿದ್ದೆ. ಅಲ್ಲ, ಜಬಲ್ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ ಎಂಬುದರ ಮೊದಲಕ್ಷರಗಳು. ಅಪ್ಪಟ ಸರ್ಕಾರಿ ನಾಮಕರಣ. 2019ರಲ್ಲಿ ಧೋನಿ ರಾಂಚಿಯಲ್ಲಿ ಸೇನೆಯ ಹಳೆಯ ನಿಸಾನ್ ಗಾಡಿಯೊಂದನ್ನು ಓಡಿಸಿದ ಚಿತ್ರಗಳು ಎಲ್ಲೆಡೆ ಹರಿದಾಡಿದಾಗ ನಮ್ಮ ವಯಸ್ಸಿನವರಿಗೆ ಆ ಹೆಸರು ಮೊದಲ ಸಲ ಕಿವಿಗೆ ಬಿತ್ತು. ದೊಡ್ಡಪ್ಪ ಆ ಚಿತ್ರ ನೋಡಿ ಹೇಳಿದ್ದು ಇಷ್ಟೇ: ‘ಪೆಟ್ರೋಲ್ ಹಾಕ್ಸೋ ತಾಕತ್ತಿದೆ ಬಿಡು ಅವರಿಗೆ.’

ನಾಲ್ಕು ಲೀಟರಿನಷ್ಟು ದೊಡ್ಡ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಅದರದ್ದು. ನಮ್ಮದು ಪೂರ್ತಿ ಜಾಮ್ ಆಗಿತ್ತು. ಮುಂದೆ ಹ್ಯಾಂಡಲ್ ತೂರಿಸಿ ಇಬ್ಬರು ನೇತಾಡಿದರೂ ಕೂದಲೆಳೆಯಷ್ಟೂ ತಿರುಗಲಿಲ್ಲ. ಹೊಡೆದು ಬಡಿದು ತಿರುಗಿಸಬಹುದು ಎಂದುಕೊಂಡಿದ್ದೆ. ದೊಡ್ಡಪ್ಪ ಆರೂ ಪ್ಲಗ್ ಬಿಚ್ಚಿಸಿ, ಒಂದೊಂದು ಸಿಲಿಂಡರಿಗೂ ಡೀಸೆಲ್ ಮತ್ತು ತೆಳು ಎಣ್ಣೆಯ ಮಿಶ್ರಣ ಹೊಯ್ಯಿಸಿ, ತೂತಿಗೆ ಬಟ್ಟೆ ತುರುಕಿಸಿ, ‘ಬಾ, ಟೀ ಕುಡಿಯೋಣ’ ಅಂದರು. ಆ ಟೀ ಹತ್ತೊಂಬತ್ತು ದಿನ ನಡೆಯಿತು. ದಿನಾ ಬೆಳಿಗ್ಗೆ ಸ್ವಲ್ಪ ಎಣ್ಣೆ ಸುರಿಯುವುದು, ಹ್ಯಾಂಡಲನ್ನು ಎರಡೂ ಕಡೆಗೆ ಮೆಲ್ಲಗೆ ಅಲುಗಿಸಿ ನೋಡುವುದು, ಬಿಡುವುದು. ಬಲ ಹಾಕಿದರೆ ಪಿಸ್ಟನ್ನಿನ ರಿಂಗು ಮುರಿಯುತ್ತದೆ, ರಿಂಗು ಮುರಿದರೆ ಸಿಲಿಂಡರಿನ ಗೋಡೆ ಗೀಚುತ್ತದೆ. ಇಪ್ಪತ್ತನೇ ದಿನ ಹ್ಯಾಂಡಲ್ ಒಂದು ಬೆರಳಿನಷ್ಟು ಜರುಗಿತು. ಬೆಂಗಳೂರಿನಲ್ಲಿ ಎಂಟು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಅರ್ಜಿ ಹಾಕಿ ಒಂದಕ್ಕೂ ಉತ್ತರ ಬಾರದವನಿಗೆ ಆ ಒಂದು ಬೆರಳಿನಷ್ಟು ಜರುಗಾಟ ಎಂಥದ್ದು ಎಂದು ನಿಮ್ಮಲ್ಲಿ ಕೆಲವರಿಗಾದರೂ ಅರ್ಥವಾಗುತ್ತದೆ.

ಆಮೇಲಿನದು ಹದಿನಾಲ್ಕು ತಿಂಗಳ ಕೆಲಸ. ಎಲ್ಲ ಬರೆಯುವುದಿಲ್ಲ, ಹೆಚ್ಚಿನದು ತುಕ್ಕು ಕೆರೆಯುವುದು. ಆದರೆ ಕೆಲವು ಪಾಠಗಳನ್ನು ಹೇಳದೆ ಇರಲಾರೆ. ಯಾಕೆಂದರೆ ಅವು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಮೊದಲನೆಯದು ವಿಲ್ಲೀಸ್ ಜೀಪಿನದು. ಎರಡನೇ ಮಹಾಯುದ್ಧದ ಕಾಲದ ಒಂದು ವಿಲ್ಲೀಸ್ ಬ್ರೇಕ್ ಕೆಲಸಕ್ಕೆ ಶೆಡ್ಡಿಗೆ ಬಂದಿತ್ತು. ಎಡ ಚಕ್ರದ ನಟ್ಟು ಬಿಚ್ಚಲು ಹೋದೆ. ಬರಲಿಲ್ಲ. ಪಾನಾಕ್ಕೆ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತೆ. ‘ಟಕ್’ ಎಂದು ಬೋಲ್ಟೇ ತುಂಡಾಯಿತು. ಆ ಜೀಪಿನ ಎಡಬದಿಯ ಚಕ್ರಗಳ ನಟ್ಟು ಉಲ್ಟಾ ಥ್ರೆಡ್ಡಿನವು. ಚಕ್ರ ಮುಂದಕ್ಕೆ ಉರುಳುವಾಗ ತಾನಾಗಿ ಸಡಿಲವಾಗಬಾರದು ಎಂದು ಹಾಗೆ ಮಾಡಿದ್ದಾರೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ನಾನು ಬಿಗಿ ಮಾಡುತ್ತಿದ್ದೆ. ದೊಡ್ಡಪ್ಪ ಬೈಯಲಿಲ್ಲ. ತುಂಡಾದ ಬೋಲ್ಟನ್ನು ನನ್ನ ಟೂಲ್ ಬಾಕ್ಸಿನಲ್ಲಿ ಹಾಕಿದರು. ಅದು ಈಗಲೂ ಅಲ್ಲೇ ಇದೆ.

ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು, ಹಾಗಾಗಿ ಯಾರಾದರೂ ಈ ಹವ್ಯಾಸಕ್ಕೆ ಇಳಿಯುವವರಿದ್ದರೆ ದಯವಿಟ್ಟು ನೆನಪಿಡಿ. ಹಳೆಯ ಮಿಲಿಟರಿ ಗಾಡಿಗಳಲ್ಲಿ ಹಲವಕ್ಕೆ ಎರಡು ಭಾಗ ಮಾಡಿ ಬೋಲ್ಟು ಹಾಕಿ ಜೋಡಿಸಿದ ರಿಮ್ ಇರುತ್ತದೆ. ಯುದ್ಧಭೂಮಿಯಲ್ಲಿ ಯಂತ್ರವಿಲ್ಲದೆ ಟೈರು ಬದಲಿಸಲಿ ಎಂದು ಮಾಡಿದ ಏರ್ಪಾಡು. ಟೈರಿನಲ್ಲಿ ಗಾಳಿ ಇರುವಾಗ ಆ ರಿಮ್ ಜೋಡಿಸಿದ ನಟ್ಟುಗಳನ್ನು ಬಿಚ್ಚಿದರೆ ರಿಮ್ಮಿನ ಅರ್ಧ ಭಾಗ ಗುಂಡಿನಂತೆ ಸಿಡಿದು ಬರುತ್ತದೆ. ಆದ್ದರಿಂದ ಮೊದಲು ವಾಲ್ವ್ ಪಿನ್ ತೆಗೆದು ಪೂರ್ತಿ ಗಾಳಿ ಇಳಿಸಬೇಕು, ಆಮೇಲೆ ಪಾನಾ ಹಿಡಿಯಬೇಕು. ಹಾಗೆಯೇ ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಡ್ರಮ್ ಬಿಚ್ಚಿದ ಕೂಡಲೇ ಬಾಯಿಂದ ‘ಉಫ್’ ಎಂದು ಊದಿ ಧೂಳು ಹಾರಿಸುವ ಅಭ್ಯಾಸ ನಮ್ಮ ಎಲ್ಲ ಗ್ಯಾರೇಜುಗಳಲ್ಲಿದೆ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಿಡಿಭಾಗಗಳ ಕಥೆಯೇ ಬೇರೆ. ಬ್ರಿಟನ್, ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಅಮೆರಿಕದಲ್ಲಿ ಮಿಲಿಟರಿ ವಾಹನ ಸಂರಕ್ಷಕರ ಸಂಘ 1976ರಿಂದ ಇದೆ. ನಾರ್ಮಂಡಿ ದಾಳಿಯ ನೆನಪಿನ ದಿನಗಳಲ್ಲಿ, ಜೂನ್ ತಿಂಗಳಲ್ಲಿ, ಯುರೋಪಿನ ನಾನಾ ಕಡೆಯಿಂದ ಜನ ತಾವು ರಿಪೇರಿ ಮಾಡಿದ ಜೀಪು, ಟ್ರಕ್ಕು ಓಡಿಸಿಕೊಂಡು ಫ್ರಾನ್ಸಿನ ಆ ಕಡಲತೀರಕ್ಕೆ ಬರುತ್ತಾರೆ. ವಿಲ್ಲೀಸ್ ಜೀಪಿನ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರುವ ಕಂಪನಿ ಫಿಲಿಪ್ಪೀನ್ಸಿನಲ್ಲಿದೆ. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧಕಾಲದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವಲ್ಲ, ಅದಕ್ಕೆ ಇಂದಿಗೂ ಮಾರುಕಟ್ಟೆ ಇದೆ. ಜಬಲ್ಪುರದ ಒನ್ ಟನ್‌ಗೆ ಅಂಥ ಭಾಗ್ಯವಿಲ್ಲ. ನಮಗಿದ್ದದ್ದು ಬೆಂಗಳೂರಿನ ಜೆ.ಸಿ. ರಸ್ತೆ.

ಮೊದಲ ಸಲ ಅಲ್ಲಿಗೆ ಹೋದಾಗ ‘ನಿಸಾನ್ ಒನ್ ಟನ್‌ಗೆ ವೀಲ್ ಬೇರಿಂಗ್ ಇದೆಯಾ’ ಎಂದು ಹನ್ನೊಂದು ಅಂಗಡಿಯಲ್ಲಿ ಕೇಳಿದೆ. ಹನ್ನೊಂದೂ ಕಡೆ ಇಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದರೆ, ‘ಗಾಡಿ ಹೆಸರು ಯಾಕೆ ಹೇಳ್ತೀಯಾ? ನಂಬರ್ ಹೇಳು’ ಅಂದರು. ಬೇರಿಂಗಿನ ಅಂಚಿನಲ್ಲಿ ಕೆತ್ತಿದ ನಂಬರೇ ಅದರ ಜಾತಕ. ಆ ನಂಬರಿನ ಬೇರಿಂಗ್ ಯಾವ ದೇಶದ ಯಾವ ಯಂತ್ರಕ್ಕೆ ಹೋದರೂ ಅಳತೆ ಒಂದೇ. ಚೀಲದಿಂದ ಹಳೆಯದನ್ನು ತೆಗೆದು ಉಜ್ಜಿ ನಂಬರು ಓದಿದೆ. ಹನ್ನೆರಡನೇ ಅಂಗಡಿಯವರು ಹಿಂದೆ ತಿರುಗಿ ಡಬ್ಬಿಯೊಂದನ್ನು ಎತ್ತಿ ಕೊಟ್ಟರು. ಅದು ಮೊದಲ ಅಂಗಡಿಯಲ್ಲೂ ಇದ್ದಿರಲೇಬೇಕು. ನಾನು ಕೇಳಿದ ಪ್ರಶ್ನೆ ತಪ್ಪಾಗಿತ್ತು. ಬ್ರೇಕಿನ ರಬ್ಬರುಗಳನ್ನು ವರ್ನಿಯರ್ ಹಿಡಿದು ಅಳೆದು ಬೇರೆ ಗಾಡಿಗಳ ಕಿಟ್ಟಿನಿಂದ ಹೊಂದಿಸಿದೆವು. ವರ್ನಿಯರ್ ಓದುವುದನ್ನು ಮೊದಲ ಸೆಮಿಸ್ಟರಿನಲ್ಲಿ ಕಲಿತಿದ್ದೆ; ಅದನ್ನು ನಿಜವಾಗಿ ಬಳಸಿದ್ದು ಅಂದೇ. ಯಾವ ಅಂಗಡಿಯಲ್ಲೂ ಸಿಗದ ಎರಡು ಬುಶ್‌ಗಳನ್ನು ಹಾಸನದ ಲೇತ್‌ನವರೊಬ್ಬರು ಗನ್ ಮೆಟಲ್‌ನಲ್ಲಿ ಕಡೆದುಕೊಟ್ಟರು. ನಾನು ಬರೆದುಕೊಂಡು ಹೋದ ಡ್ರಾಯಿಂಗ್ ನೋಡಿ, ‘ಎಂಜಿನಿಯರ್ ಸಾಹೇಬ್ರೇ, ಟಾಲರೆನ್ಸ್ ಎಷ್ಟು ಅಂತ ಬರೆದಿಲ್ಲ’ ಅಂದರು. ಅವರು ಓದಿದ್ದು ಏಳನೇ ತರಗತಿ.

ಪೆಟ್ರೋಲ್ ಇನ್ನೊಂದು ತಲೆನೋವು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಹಳೆಯ ಗಾಡಿಗಳ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಇದಕ್ಕೆಂದು ಮಾಡಿದವಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ಮೇಲಾಗಿ ಎಥನಾಲ್ ನೀರು ಹೀರುತ್ತದೆ, ಟ್ಯಾಂಕಿನೊಳಗೆ ತುಕ್ಕು ಮತ್ತೆ ಶುರು. ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಬೇಕಾಯಿತು.

ಮೊದಲ ಸಲ ಸ್ಟಾರ್ಟ್ ಮಾಡಲು ಹೋದ ದಿನ ಊರಿನ ಅರ್ಧ ಜನ ಶೆಡ್ಡಿನ ಮುಂದಿದ್ದರು. ಸೆಲ್ಫ್ ಹೊಡೆದೆ. ಎಂಜಿನ್ ಕೆಮ್ಮಿತು, ಸೀನಿತು, ಸೈಲೆನ್ಸರಿನಿಂದ ಢಂ ಎಂದು ಗರ್ನಾಲು ಹೊಡೆದಂಥ ಸದ್ದು ಬಂತು. ಹಲಸಿನ ಮರದ ಕಾಗೆಗಳೆಲ್ಲ ಹಾರಿದವು. ಜನ ನಕ್ಕು ಮನೆಗೆ ಹೋದರು. ಅಪ್ಪನೂ ಬಂದಿದ್ದರು, ಅವರು ನಗಲಿಲ್ಲ, ಮಾತೂ ಆಡಲಿಲ್ಲ. ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಕಿಡಿ ಹೊತ್ತುವ ಕ್ರಮ 1-5-3-6-2-4. ಅದು ನನಗೆ ಬಾಯಿಪಾಠ, ಪರೀಕ್ಷೆಗೆ ಬರೆದಿದ್ದೆ. ಆದರೆ ಡಿಸ್ಟ್ರಿಬ್ಯೂಟರಿನ ರೋಟರ್ ಯಾವ ಕಡೆಗೆ ತಿರುಗುತ್ತದೆ ಎಂದು ನೋಡದೆ, ಉಲ್ಟಾ ದಿಕ್ಕಿನಲ್ಲಿ ವೈರು ಜೋಡಿಸಿದ್ದೆ. ಮರುದಿನ ಬೆಳಿಗ್ಗೆ ಆರಕ್ಕೆ, ನಾನು ಮತ್ತು ದೊಡ್ಡಪ್ಪ ಇಬ್ಬರೇ ಇದ್ದಾಗ, ಅದು ಮೂರನೇ ಸುತ್ತಿಗೆ ಹಿಡಿದುಕೊಂಡಿತು. ದೊಡ್ಡಪ್ಪ ಬಾನೆಟ್ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತಿದ್ದರು. ‘ನಾಲ್ಕನೇದು ಸರಿಯಾಗಿ ಹೊಡೀತಿಲ್ಲ’ ಅಂದರು. ನೋಡಿದರೆ ನಾಲ್ಕನೇ ಪ್ಲಗ್ಗಿನ ಕ್ಯಾಪು ಸಡಿಲ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಎರಡು ಪ್ರಶ್ನೆ ಇರಬಹುದು. ನನ್ನ ಗೆಳೆಯರೂ ಕೇಳಿದ್ದಾರೆ.

ಒಂದು, ‘ಮಿಲಿಟರಿ ಗಾಡಿಯೇ ಯಾಕೆ? ಯುದ್ಧದ ಹುಚ್ಚಾ?’ ಈ ಪ್ರಶ್ನೆ ಕೇಳಿದವಳು ಇತಿಹಾಸದ ಎಂ.ಎ. ಓದುತ್ತಿರುವ ಗೆಳತಿ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಎರಡನೇ ಮಹಾಯುದ್ಧದ ಸೇನಾಧಿಪತಿ ಐಸೆನ್‌ಹೋವರ್ ಗೆಲುವಿಗೆ ಮುಖ್ಯವಾದ ಸಲಕರಣೆಗಳನ್ನು ಎಣಿಸುವಾಗ ಬುಲ್ಡೋಜರ್, ಜೀಪು, ಎರಡೂವರೆ ಟನ್ನಿನ ಟ್ರಕ್ಕು ಮತ್ತು ಸಾಮಾನು ಸಾಗಿಸುವ ವಿಮಾನವನ್ನು ಹೆಸರಿಸಿದ್ದರು. ಒಂದೂ ಗುಂಡು ಹಾರಿಸುವುದಲ್ಲ. 1944ರ ಆಗಸ್ಟಿನಿಂದ ನವೆಂಬರ್‌ವರೆಗೆ ಫ್ರಾನ್ಸಿನಲ್ಲಿ ಹಗಲೂ ರಾತ್ರಿ ಓಡಿದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಟ್ರಕ್ಕುಗಳ ಸಾಲಿನ ಚಾಲಕರಲ್ಲಿ ಬಹುಪಾಲು ಕಪ್ಪು ಜನಾಂಗದ ಅಮೆರಿಕನ್ ಸೈನಿಕರು. ಬಂದೂಕು ಹಿಡಿದು ಮುಂದೆ ನಿಲ್ಲುವ ಗೌರವವನ್ನು ಅವರಲ್ಲಿ ಹೆಚ್ಚಿನವರಿಗೆ ಅಂದಿನ ಸೇನೆ ಕೊಟ್ಟಿರಲಿಲ್ಲ; ಆದರೆ ಮುಂದೆ ನಿಂತವರ ಪೆಟ್ರೋಲು, ಊಟ ಅವರ ಕೈಯಲ್ಲಿತ್ತು. ನಮ್ಮ ಒನ್ ಟನ್ ಕೂಡ ಹೊತ್ತದ್ದು ಈರುಳ್ಳಿ, ಹಿಟ್ಟು, ಸೀಮೆಎಣ್ಣೆ, ಕಂಬಳಿ, ಊರಿನಿಂದ ಬಂದ ಕಾಗದ. ಹಿಂದಿನ ಬಾಡಿಯ ಹಲಗೆಯಡಿ ಪದರಪದರವಾಗಿ ಕೂತ ಬಣ್ಣದ ಕೆಳಗೆ ಯಾರೋ ಮೊಳೆಯಿಂದ ಗೀಚಿದ ನಾಲ್ಕು ಹಿಂದಿ ಅಕ್ಷರ ಸಿಕ್ಕವು. ಒಂದು ಹೆಸರಿನ ಅರ್ಧ. ಅದನ್ನು ಕೆರೆಯದೆ ಬಿಟ್ಟೆವು.

ಎರಡನೇ ಪ್ರಶ್ನೆ ದುಡ್ಡಿನದು. ಸುಳ್ಳು ಹೇಳುವುದಿಲ್ಲ. ಗಾಡಿ ಕೊಂಡ ಬೆಲೆ ಬಿಟ್ಟು ₹1.84 ಲಕ್ಷ ಖರ್ಚಾಯಿತು. ನಮ್ಮಿಬ್ಬರ ದುಡಿಮೆಗೆ ಲೆಕ್ಕವಿಲ್ಲ. ಅದರಲ್ಲಿ ಮುಕ್ಕಾಲು ದೊಡ್ಡಪ್ಪನ ಪಿಂಚಣಿಯದು. ನನ್ನ ಪಾಲು ಶೆಡ್ಡಿನಲ್ಲಿ ಬೇರೆಯವರ ಗಾಡಿ ರಿಪೇರಿ ಮಾಡಿ ಗಳಿಸಿದ್ದು. ಇನ್‌ಸ್ಟಾಗ್ರಾಮಿನಲ್ಲಿ ಮೂವತ್ತು ಸೆಕೆಂಡಿನಲ್ಲಿ ತುಕ್ಕು ಹಿಡಿದ ಜೀಪು ಫಳಫಳ ಹೊಳೆಯುವುದನ್ನು ನೋಡಿ ಸಾಲ ಮಾಡಿ ಗಾಡಿ ಕೊಳ್ಳುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ. ಕೆಲಸವಿಲ್ಲದವನಿಗೆ ಗಾಡಿ ಬೇಕಾಗಿಲ್ಲ. ಗಾಡಿ ಇರುವ ಒಬ್ಬ ಮುದುಕರು ಬೇಕು. ಅಂಥವರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ಕೈಯಲ್ಲಿ ವಿದ್ಯೆ ಇದೆ, ಕಣ್ಣಿಲ್ಲ, ಸೊಂಟವಿಲ್ಲ, ಮಕ್ಕಳು ಬೆಂಗಳೂರಿನಲ್ಲಿ.

ಇಲ್ಲಿ ನನ್ನ ದೂರೂ ಇದೆ. ಈ ಹವ್ಯಾಸಕ್ಕೆ ನಮ್ಮ ಕಾನೂನಿನಲ್ಲಿ ಜಾಗವೇ ಸರಿಯಾಗಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ಗಾಡಿಗಳಿಗೆ ‘ವಿಎ’ ಅಕ್ಷರವಿರುವ ವಿಶೇಷ ನಂಬರು. ಹೊಸ ನೋಂದಣಿಗೆ ₹20,000 ಶುಲ್ಕ. ಒಳ್ಳೆಯದೇ. ಆದರೆ ಅದನ್ನು ಬರೆದಿರುವುದು ಬೈಕು, ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮಹಾರಾಜರ ಕಾರಿಗೆ ಅಲ್ಲಿ ಬಾಗಿಲು ತೆರೆದಿದೆ, ಸಾಮಾನು ಹೊತ್ತ ಟ್ರಕ್ಕಿಗೆ ಇಲ್ಲ. ನಮ್ಮ ಗಾಡಿಯ ಆರ್‌ಸಿ ಎಸ್ಟೇಟಿನವರ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕಿತು, ಪುಣ್ಯಕ್ಕೆ. ಅವಧಿ ಮುಗಿದು ಯಾವುದೋ ಕಾಲವಾಗಿದೆ. ಕಚೇರಿಗೆ ಐದು ಸಲ ಹೋದೆ. ‘ಇದನ್ನ ಯಾಕಪ್ಪಾ ಎಬ್ಬಿಸ್ತೀಯಾ, ಗುಜರಿಗೆ ಹಾಕು, ಸರ್ಟಿಫಿಕೇಟ್ ಸಿಗುತ್ತೆ’ ಎಂಬುದು ಐದು ಸಲದ ಉತ್ತರದ ಸಾರ. ಹೊಗೆ ಕಾರುವ ಹಳೆಯ ಗಾಡಿಗಳು ದಿನವಿಡೀ ರಸ್ತೆಯಲ್ಲಿ ಓಡಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ನಾವು ಕೇಳುವುದು ವರ್ಷಕ್ಕೆ ನಾಲ್ಕು ದಿನ, ಸ್ವಾತಂತ್ರ್ಯ ದಿನದ ಮೆರವಣಿಗೆಗೋ ಕಾಲೇಜಿನ ಪ್ರದರ್ಶನಕ್ಕೋ ತಂದು ನಿಲ್ಲಿಸುವಷ್ಟು ಅನುಮತಿ. ಆ ಒಂದು ಸಾಲನ್ನು ಟ್ರಕ್ಕಿಗೂ ವಿಸ್ತರಿಸಿದರೆ ಸಾಕು.

ಬಣ್ಣದ ವಿಷಯ ಇನ್ನೂ ವಿಚಿತ್ರ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಅದಕ್ಕೆ ಕಾರಣವಿದೆ, ಸೇನೆಯ ಗಾಡಿಯಂತೆ ಕಾಣುವುದನ್ನು ಯಾರು ಯಾವುದಕ್ಕೆ ಬಳಸುತ್ತಾರೋ ಯಾರಿಗೆ ಗೊತ್ತು. ಹಾಗಾಗಿ ಹುಟ್ಟಿದಾಗಿನಿಂದ ಹಸಿರಾಗಿದ್ದ ಗಾಡಿಯನ್ನು ಹದಿನಾಲ್ಕು ತಿಂಗಳು ಕೂತು ಮೊದಲಿನಂತೆ ಮಾಡಿ, ಕೊನೆಗೆ ಅದರ ಬಣ್ಣವನ್ನೇ ಹಚ್ಚಲಾಗಲಿಲ್ಲ. ಪೇಂಟಿನ ಅಂಗಡಿಯಲ್ಲಿ ನಾನು ವಾದ ಮಾಡಿದೆ, ‘ಎಷ್ಟು ಜನ ಹಚ್ಕೊಂಡು ಓಡಾಡ್ತಿಲ್ಲ’ ಎಂದು. ದೊಡ್ಡಪ್ಪ ಒಪ್ಪಲಿಲ್ಲ. ‘ಇಪ್ಪತ್ನಾಲ್ಕು ವರ್ಷ ಯೂನಿಫಾರ್ಮ್ ಹಾಕಿದ್ದೀನಿ ಕಣೋ. ಕಳಚಿದ ಮೇಲೆ ಹಾಕ್ಬಾರ್ದು.’ ಬೂದು ಬಣ್ಣ ಬಳಿದೆವು. ಡ್ಯಾಶ್‌ಬೋರ್ಡಿನ ಕೆಳಗೆ, ಹೊರಗೆ ಕಾಣದ ಕಡೆ, ಅಂಗೈ ಅಗಲದಷ್ಟು ಹಳೆಯ ಹಸಿರನ್ನು ಹಾಗೆಯೇ ಬಿಟ್ಟಿದ್ದೇವೆ.

ಕೆಲಸದ ವಿಷಯ ಕೇಳುವಿರಿ. ಸಿಕ್ಕಿದೆ. ಜನರೇಟರ್ ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್. ಹಾಸನ, ಚಿಕ್ಕಮಗಳೂರು, ಕೊಡಗು ಸುತ್ತುವ ಕೆಲಸ. ಸಂಬಳ ಬೆಂಗಳೂರಿನ ಗೆಳೆಯರ ಮುಂದೆ ಹೇಳುವಷ್ಟಿಲ್ಲ. ಅಲ್ಲಿಯ ಸಂದರ್ಶನದಲ್ಲೂ ಅದೇ ಕೊನೆಯ ಸಾಲು ಓದಿದರು. ನಗಲಿಲ್ಲ. ‘ಎಂಜಿನ್ ಜಾಮ್ ಆಗಿತ್ತಾ? ಹೇಗೆ ಬಿಡಿಸಿದಿರಿ?’ ಎಂದು ಕೇಳಿದರು. ಹತ್ತೊಂಬತ್ತು ದಿನದ ಟೀ ಕಥೆ ಹೇಳಿದೆ. ಅವರು ಪಕ್ಕದವರ ಮುಖ ನೋಡಿ ಮುಂದಿನ ಪ್ರಶ್ನೆ ಕೇಳಲಿಲ್ಲ. ಹಾಗೆಂದು, ತುಕ್ಕು ಕೆರೆದರೆ ನೌಕರಿ ಸಿಗುತ್ತದೆ ಎಂದು ನಾನು ಯಾರಿಗೂ ಹೇಳಲಾರೆ. ಶೆಡ್ಡಿಗೆ ನನ್ನ ಜೊತೆ ಬರುತ್ತಿದ್ದ ಐಟಿಐ ಓದಿದ ಹುಡುಗ ನನಗಿಂತ ಚೆನ್ನಾಗಿ ಕೆಲಸ ಕಲಿತ. ಅವನಿನ್ನೂ ಕೆಲಸ ಹುಡುಕುತ್ತಿದ್ದಾನೆ. ಅವನಲ್ಲಿ ಇಲ್ಲದ್ದು ನನ್ನ ಡಿಗ್ರಿಯ ಕಾಗದ ಮಾತ್ರ, ಮತ್ತು ಆ ಕಾಗದ ನನಗೆ ಏನು ಕಲಿಸಿತ್ತು ಎಂಬುದನ್ನು ಮೇಲೆ ಹೇಳಿದ್ದೇನೆ.

ಆದರೆ ಕಾಲೇಜುಗಳು ಒಂದು ಕೆಲಸ ಮಾಡಬಹುದು. ಸೇನೆ ಕೈಬಿಟ್ಟ ಗಾಡಿಗಳು ಸರ್ಕಾರಿ ಸಂಸ್ಥೆಯಾದ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಮಾರಾಟವಾಗುತ್ತವೆ. ಅಂಥದ್ದೊಂದನ್ನು ತಂದು ವರ್ಕ್‌ಶಾಪಿನ ಮುಂದೆ ನಿಲ್ಲಿಸಿ, ಕೊರಳಿಗೆ ‘ಮುಟ್ಟಿ’ ಎಂಬ ಬೋರ್ಡು ಹಾಕಿದರೆ ಆಯಿತು. ರಸ್ತೆಗೆ ಇಳಿಸಬೇಕಾಗಿಲ್ಲ, ಆರ್‌ಸಿ ಬೇಕಾಗಿಲ್ಲ. ಒಂದು ಬ್ಯಾಚು ಬಿಚ್ಚಲಿ, ಮುಂದಿನ ಬ್ಯಾಚು ಜೋಡಿಸಲಿ, ಅದರ ಮುಂದಿನ ಬ್ಯಾಚು ಮತ್ತೆ ಬಿಚ್ಚಲಿ. ಹಳೆಯ ಮಿಲಿಟರಿ ಟ್ರಕ್ಕು ಇದಕ್ಕೆ ಹೇಳಿ ಮಾಡಿಸಿದ್ದು. ಯುದ್ಧಭೂಮಿಯಲ್ಲಿ, ಕೈಗೆ ಸಿಕ್ಕ ನಾಲ್ಕು ಸಲಕರಣೆಯಲ್ಲಿ ರಿಪೇರಿಯಾಗಲಿ ಎಂದೇ ಅದನ್ನು ಕಟ್ಟಿದ್ದಾರೆ. ಅದರಲ್ಲಿ ಕಂಪ್ಯೂಟರ್ ಇಲ್ಲ, ಮುಚ್ಚಿಟ್ಟ ಡಬ್ಬಿಯಿಲ್ಲ. ಯಾವ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೆರಳಿನಲ್ಲಿ ಹಿಂಬಾಲಿಸಬಹುದು. ಒಬ್ಬ ನಿವೃತ್ತ ಹವಾಲ್ದಾರರನ್ನು ವಾರಕ್ಕೆರಡು ದಿನ ಕರೆದು ಗೌರವಧನ ಕೊಟ್ಟರೆ ಇನ್ನೂ ಒಳ್ಳೆಯದು.

ನಮ್ಮ ಒನ್ ಟನ್ ಈಗ ಓಡುವುದು ಎಸ್ಟೇಟಿನ ಒಳಗಿನ ಮಣ್ಣುರಸ್ತೆಯಲ್ಲಿ ಮಾತ್ರ. ಲೀಟರಿಗೆ ನಾಲ್ಕು ಕಿ.ಮೀ. ಕೊಟ್ಟರೆ ಅಂದು ಹಬ್ಬ. ಎರಡು ವಾರಕ್ಕೊಮ್ಮೆ ಭಾನುವಾರ ಹೊರತೆಗೆಯುತ್ತೇವೆ. ಓಡಿಸುವುದು ನಾನು. ದೊಡ್ಡಪ್ಪನಿಗೆ ಈಗ ಎದುರಿನ ಸಿಲ್ವರ್ ಓಕ್ ಮರವೂ ಸರಿಯಾಗಿ ಕಾಣುವುದಿಲ್ಲ. ಎಡಗಡೆ ಸೀಟಿನಲ್ಲಿ ಕೂತು ಒಂದು ಕೈಯನ್ನು ಡ್ಯಾಶ್‌ಬೋರ್ಡಿನ ಅಡಿಗೆ, ಆ ಹಸಿರು ಉಳಿದ ಕಡೆಗೆ ಇಟ್ಟಿರುತ್ತಾರೆ. ಹೋದ ಭಾನುವಾರ ಕೆರೆಯ ಪಕ್ಕದ ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಸುತ್ತಿದ್ದೆ. ಎಂಜಿನ್ ಸ್ವಲ್ಪ ಮುಕ್ಕಿತು.

‘ಡಬಲ್ ಕ್ಲಚ್ ಹೊಡಿ, ಸೆಕೆಂಡಿಗೆ ಹಾಕು’ ಅಂದರು.

ಹಾಕಿದೆ.

‘ಈಗ ಸರಿ’ ಅಂದರು.